ಕಾಲು ಕೇಳಲು ಹೋದ ದಿನ

ನನ್ನ ಮಗಳ ಮೊಣಕಾಲಿಗೆ ಮೂರು ದಾರಿಗಳಿದ್ದವು. ಬೆಂಗಳೂರಿನ ಡಾಕ್ಟರು ಮೂರನ್ನೂ ಬಿಡಿಸಿ ಹೇಳಿದ್ದರು. ನಮ್ಮ ಮನೆಯ ಇಬ್ಬರು ಗಂಡಸರು ಅವರ ಎದುರಿಗೆ ಕೂತು ಕೇಳಿಸಿಕೊಂಡಿದ್ದರು. ಸಮೇತನಹಳ್ಳಿಯ ನಮ್ಮ ಅಡುಗೆಮನೆಯವರೆಗೆ ಬಂದು ತಲುಪಿದ್ದು ಮಾತ್ರ ಒಂದೇ. ಇದಾಗಿ ಎರಡು ವರ್ಷವಾಯಿತು. ಮುದ್ದೆ ತಿರುವುವಾಗ ನೆನಪಾದರೆ ಇವತ್ತಿಗೂ ಕೋಲು ಮುರಿಯುವಷ್ಟು ಬಲ ಕೈಗೆ ಬರುತ್ತದೆ.

ಅನುಸೂಯ ನನ್ನ ಮೊದಲ ಮಗಳು. ಅವಳಿಗೆ ಹನ್ನೊಂದು ತುಂಬಿದ ವರ್ಷ ರಾಗಿ ಹೊಲದಲ್ಲಿ ಕಳೆ ಕೀಳುತ್ತ ಕುಕ್ಕರುಗಾಲಲ್ಲಿ ಕೂತವಳು ಏಳಲಾರದೆ, "ಅಮ್ಮಾ, ಕಾಲು ಹಿಡ್ಕೊಂಡ್ಬಿಡ್ತು" ಎಂದಳು. ನೋಡಿದರೆ ಬಲಮೊಣಕಾಲು ಊದಿತ್ತು. ಮುಟ್ಟಿದರೆ ಬಿಸಿ. ಎರಡು ದಿನಕ್ಕೆ ಇಳಿಯಿತು. ತಿಂಗಳು ಕಳೆದ ಮೇಲೆ ಮತ್ತೆ ಬಂತು. ಹೀಗೆ ಬಂದು ಹೋಗಿ, ಬಂದು ಹೋಗಿ, ಕೊನೆಗೆ ಹೋಗುವುದನ್ನು ಮರೆತು ಅಲ್ಲೇ ನಿಂತಿತು.

ಸೂಲಿಬೆಲೆಯಿಂದ ಮೂಳೆ ಕಟ್ಟುವ ಆವಲಪ್ಪನನ್ನು ಕರೆಸಿದೆವು. "ಕೀಲು ಜರುಗೈತೆ ಕಣಮ್ಮ, ಇದೇನು ದೊಡ್ಡದು" ಎಂದು ಮೊಟ್ಟೆಯ ಲೋಳೆಗೆ ಉದ್ದಿನಹಿಟ್ಟು ಕಲಸಿ ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಮೂರು ಸಲ ಕಟ್ಟಿದ. ಇಳಿಯಲಿಲ್ಲ. ಆಮೇಲೆ ವಾಯು ಎಂದ. ಕುಡುಗೋಲಿನ ತುದಿಯನ್ನು ಕೆಂಡದಲ್ಲಿ ಕಾಯಿಸಿ ಮಂಡಿಯ ಮೇಲೆ ಮೂರು ಬರೆ ಎಳೆದ. ಅವಳು ಕೊಸರದ ಹಾಗೆ ತೋಳು ಹಿಡಿದುಕೊಂಡವಳು ನಾನೇ. ಆ ಮೇಲೆ ಪೇಟೆಯ ಡಾಕ್ಟರೊಬ್ಬರು ಕ್ಷಯ ಕೀಲಿಗೆ ಇಳಿದಿದೆ ಎಂದು ತೊಡೆಯಿಂದ ಹಿಮ್ಮಡಿಯವರೆಗೆ ಪ್ಲಾಸ್ಟರು ಹಾಕಿ ಎಂಟು ತಿಂಗಳು ಮಲಗಿಸಿದರು. ಎಂಟು ತಿಂಗಳು ಮಗುವನ್ನು ಎತ್ತಿ, ಇಳಿಸಿ, ಪ್ಲಾಸ್ಟರಿನೊಳಗೆ ತುರಿಸಿದರೆ ತೆಂಗಿನಗರಿಯ ಕಡ್ಡಿ ತೂರಿಸಿ ಕೆರೆದು, ಹಾಡು ಹೇಳಿ ಮಲಗಿಸಿದೆ. ಬಿಚ್ಚಿದಾಗ ತೊಡೆ ಕೋಲಾಗಿತ್ತು. ಮಂಡಿ ಮಾತ್ರ ಹಾಗೆಯೇ ದುಂಡಗೆ ಕೂತಿತ್ತು.

ಆಗ ಶುರುವಾಯಿತು ನಮ್ಮತ್ತೆ ಪಿಳ್ಳಮ್ಮನ ಮಾತು.

ಅತ್ತೆಯ ಬಲಗೈಯಲ್ಲಿ ಕೊನೆಯ ಎರಡು ಬೆರಳುಗಳಿಗೆ ತುದಿ ಇಲ್ಲ. ನಮ್ಮ ಕುಲದಲ್ಲಿ ಹಿಂದೆ ಹಿರಿಮಗಳ ಕಿವಿ ಚುಚ್ಚಿಸುವ ಮೊದಲು ತಾಯಿಯಾದವಳು ಬಂಡಿದೇವರಿಗೆ ಎರಡು ಬೆರಳಿನ ತುದಿಗಂಟು ಕೊಡಬೇಕಾಗಿತ್ತು. ಮರದ ಕೊರಡಿನ ಮೇಲೆ ಕೈಯಿಟ್ಟು, ಆಚಾರಿಯ ಉಳಿಯಿಂದ ಒಂದೇ ಏಟು. ಬಿದ್ದ ತುದಿಯನ್ನು ಹುತ್ತಕ್ಕೆ ಹಾಕುತ್ತಿದ್ದರಂತೆ. ಸರ್ಕಾರ ನಿಲ್ಲಿಸಿದ ಮೇಲೆ ಬೆರಳಿಗೆ ಹೂವು ಸುತ್ತಿ, ಅದರ ಮೇಲೆ ಚಿನ್ನದ ರೇಕು ಸುತ್ತಿ, ಪೂಜೆಯಾದ ಮೇಲೆ ಬಿಚ್ಚಿಡುವುದು ರೂಢಿಯಾಯಿತು. ಅನುಸೂಯಳ ಕಿವಿ ಚುಚ್ಚಿಸುವಾಗ ನಾನು ಮಾಡಿದ್ದೂ ಅಷ್ಟೇ.

"ಹೂವು ಸುತ್ತಿ ಬಿಚ್ಚಿದ್ರೆ ದೇವರಿಗೆ ಗೊತ್ತಾಗಲ್ವಾ?" ಎನ್ನುತ್ತಿದ್ದರು ಅತ್ತೆ, ಅಂಗಳದಲ್ಲಿ ಕೂತು ಅವರೆಕಾಯಿ ಬಿಡಿಸುತ್ತ. ಆ ಮೊಂಡು ಬೆರಳುಗಳಿಂದ ನಮಗಿಂತ ಬೇಗ ಬಿಡಿಸುತ್ತಿದ್ದರು. "ತಾಯಿ ಗಂಟು ಕೊಡ್ಲಿಲ್ಲ. ಅದಕ್ಕೇ ಮಗಳ ಗಂಟಿಗೆ ಬಂದು ಕೂತವ್ನೆ."

"ಊರಿನಲ್ಲಿ ಯಾವ ತಾಯಿ ಕೊಟ್ಟಿದಾಳತ್ತೆ? ಅವರ ಮಕ್ಕಳೆಲ್ಲ ನೆಟ್ಟಗೆ ಓಡಾಡ್ತಾವಲ್ಲ" ಎಂದೆ ಒಮ್ಮೆ.

"ದೇವರು ಎಲ್ಲಾರನ್ನೂ ಒಂದೇ ದಿನ ಕೇಳ್ತಾನೇನೇ? ಸರದಿ ಬರ್ಬೇಕು."

ನಾನು ಮಾತು ಬೆಳೆಸುತ್ತಿರಲಿಲ್ಲ. ತಾಳ್ಮೆಯವಳು ಎಂದು ನನಗೆ ಹೆಸರು. ಆ ಹೆಸರು ಎಷ್ಟು ಅನುಕೂಲದ್ದು, ಯಾರಿಗೆ ಅನುಕೂಲದ್ದು ಎಂದು ಆಗ ತಿಳಿದಿರಲಿಲ್ಲ.

ಯುದ್ಧ ಮುಗಿದ ಮರುವರ್ಷ ಕಾರ್ತಿಕದಲ್ಲಿ, ದಂಡಿನಿಂದ ವಾಪಸಾದ ಡಾಕ್ಟರೊಬ್ಬರು ಬೆಂಗಳೂರಿನಲ್ಲಿ ಮೂಳೆ ಕೀಲು ನೋಡುತ್ತಾರೆ ಎಂದು ಕೇಳಿ ಹಟ ಹಿಡಿದೆ. ನಾನು ಹಟ ಮಾಡಿದ್ದು ಅದೇ ಮೊದಲು. ಗಾಡಿಯಲ್ಲಿ ಹೊಸಕೋಟೆ, ಅಲ್ಲಿಂದ ಇದ್ದಿಲು ಉರಿಸಿ ಓಡಿಸುವ ಬಸ್ಸು. ದಿಣ್ಣೆ ಬಂದಾಗೆಲ್ಲ ಬಸ್ಸು ಉಸಿರು ಕಟ್ಟಿ ನಿಲ್ಲುತ್ತಿತ್ತು. ಎಲ್ಲರೂ ಇಳಿದು ನಡೆಯಬೇಕು. ಅನುಸೂಯಳನ್ನು ಬೆನ್ನ ಮೇಲೆ ಹೊತ್ತು ಹತ್ತಿದೆ. "ಅಮ್ಮ, ಬಸ್ಸಿಗಿಂತ ನೀನೇ ವಾಸಿ ಕಣೆ, ಇದ್ದಿಲು ಬ್ಯಾಡ" ಎಂದು ಅವಳು ಕಿವಿಯಲ್ಲಿ ನಕ್ಕಳು.

ಡಾಕ್ಟರು ಆದಿನಾರಾಯಣಪ್ಪನವರು ನೆರೆಗೂದಲಿನ, ಕಡಿಮೆ ಮಾತಿನ ಮನುಷ್ಯರು. ಮಂಡಿಯನ್ನು ಎರಡು ಕೈಯಲ್ಲಿ ಹಿಡಿದು ಹಣ್ಣು ನೋಡುವ ಹಾಗೆ ಒತ್ತಿ ನೋಡಿದರು. ಎಕ್ಸ್‌ರೇ ತೆಗೆಸಿದರು. ದಪ್ಪ ಸೂಜಿ ಹಾಕಿ ನೀರು ಎಳೆದರು. ಬಂದದ್ದು ಕೀವಲ್ಲ, ಬಿಳಿ ನೀರೂ ಅಲ್ಲ. ತುಕ್ಕು ಹಿಡಿದ ಕೊಳಗದಲ್ಲಿ ನಿಂತ ಮಳೆನೀರಿನ ಬಣ್ಣ. ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದು ಕ್ಷಯ ಅಲ್ಲ" ಎಂದರು. ಆಮೇಲೆ, "ಮನೆಯವರು ಒಳಗೆ ಬನ್ನಿ, ಮಾತಾಡಬೇಕು" ಎಂದರು.

ನಾನು ಎದ್ದೆ. ನಮ್ಮ ಬಾವ ಅಪ್ಪಯ್ಯಣ್ಣ, ನನ್ನ ಗಂಡನ ಅಣ್ಣ, ಮನೆಯ ಯಜಮಾನ, ಕೈ ಅಡ್ಡ ಇಟ್ಟರು. "ನೀನು ಮಗಾನ ನೋಡ್ಕೊಂಡಿರಮ್ಮ. ನಾವು ಕೇಳ್ಕೊಂಡು ಬರ್ತೀವಿ."

ಅವರೂ ನನ್ನ ಗಂಡ ಗಂಗಣ್ಣನೂ ಒಳಗೆ ಹೋದರು. ಬಾಗಿಲು ಮುಚ್ಚಿತು. ಹಸಿರು ಬಣ್ಣದ ಬಾಗಿಲು. ಕೆಳಗಡೆ ಬಣ್ಣ ಎದ್ದಿತ್ತು. ಅಷ್ಟು ಚೆನ್ನಾಗಿ ಆ ಬಾಗಿಲನ್ನು ನೋಡಿದ್ದೇನೆ.

ಹೊರಗೆ ಬಂದ ಬಾವ ನನ್ನ ಮುಖ ನೋಡದೆ ಹೇಳಿದರು. "ಗಡ್ಡೆಯಂತೆ. ಲಕ್ಷಕ್ಕೊಬ್ಬರಿಗೆ ಬರೋದಂತೆ. ಕಾಲು ತೆಗೀಬೇಕಂತೆ. ಹದಿನೈದು ದಿನ ಬಿಟ್ಟು ಬನ್ನಿ ಅಂದವ್ರೆ."

ನನ್ನ ಗಂಡ ಮೆಟ್ಟಿಲ ಮೇಲೆ ಕೂತು ಮೆಟ್ಟಿನ ಬಾರು ಸರಿಮಾಡಿಕೊಳ್ಳುತ್ತಿದ್ದರು. ಬಾರು ಸರಿಯಾಗಿಯೇ ಇತ್ತು.

ಆ ಹದಿನೈದು ದಿನ ಹೇಗೆ ಕಳೆದವು ಎಂದು ಬರೆಯಲು ಹೋಗುವುದಿಲ್ಲ. ಬಾವ ಬೇವಿನ ಕವಲು ಕಡಿದು ಊರುಗೋಲು ಮಾಡಿಸಿದರು. ಅನುಸೂಯ ಅದನ್ನು ಕಂಕುಳಿಗೆ ಇಟ್ಟು ಅಂಗಳದಲ್ಲಿ ನಡೆದು ತೋರಿಸಿದಳು. "ಕುಂಟೆಬಿಲ್ಲೇಲಿ ಊರಿಗೆಲ್ಲ ನಾನೇ ಗೆಲ್ತಿರ್ಲಿಲ್ವೇನಮ್ಮ? ಒಂಟಿಕಾಲು ನಂಗೆ ರೂಢಿ ಬಿಡು." ನಾನು ಒಳಗೆ ಹೋಗಿ ಬೀಸುವ ಕಲ್ಲಿನ ಮುಂದೆ ಕೂತೆ. ಕಲ್ಲಿನ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳುವುದಿಲ್ಲ.

ಅತ್ತೆ ಮಾತ್ರ ಬೇರೆಯೇ ಲೆಕ್ಕ ಹಾಕಿದ್ದರು. "ಹೋಗೋ ಗಂಟು ಸುಮ್ಮನೆ ಯಾಕೆ ಹೋಗ್ಬೇಕು? ಡಾಕ್ಟ್ರು ಎತ್ತಿ ಎಲ್ಲೋ ಬಿಸಾಕ್ತಾರೆ. ಕೇಳಿ ತರಾನ. ಮಂಡಿ ಗಂಟಷ್ಟೇ ಸಾಕು. ಬಂಡಿದೇವರ ಹುತ್ತಕ್ಕೆ ಹಾಕಿದ್ರೆ ಅವನದು ಅವನಿಗೆ ಸೇರ್ತದೆ. ಉಳಿದ ಮಕ್ಕಳ ತಂಟೆಗೆ ಬರಲ್ಲ." ಬಾವ ತಲೆಯಾಡಿಸಿದರು. ಕುಂಬಾರರ ಮನೆಯಿಂದ ಹೊಸ ಮಡಕೆ ಬಂತು. ಅದರ ಬಾಯಿಗೆ ಕಟ್ಟಲು ಬಟ್ಟೆಯನ್ನು ಅರಿಶಿನದಲ್ಲಿ ಅದ್ದಿ ಒಣಗಿಸಿದವಳು ನಾನು. ಹೌದು, ನಾನೇ. ಹೇಗೂ ಹೋಗುವುದೇ ಆದರೆ, ಉಳಿದ ಇಬ್ಬರು ಮಕ್ಕಳಾದರೂ ಸುಖವಾಗಿರಲಿ ಎಂದುಕೊಂಡೆ. ಬೇರೆಯವರ ಮೇಲಿನ ಸಿಟ್ಟು ಒಂದು ದಿನ ಆರಬಹುದು. ಆ ಬಟ್ಟೆಯನ್ನು ಹಗ್ಗದ ಮೇಲೆ ಹರವಿದ ನನ್ನ ಕೈಗಳ ಮೇಲಿನ ಸಿಟ್ಟು ಆರುವುದಿಲ್ಲ.

ಹದಿನಾರನೆಯ ದಿನ ಎಲ್ಲರೂ ಹೊರಟೆವು. ಅತ್ತೆಯೂ ಬಂದರು, ಎಪ್ಪತ್ತೆಂಟು ವರ್ಷದ ಮುದುಕಿ ಬಸ್ಸಿನಲ್ಲಿ ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ಯಾರೂ ತಗಲದ ಹಾಗೆ ಕೈ ಅಡ್ಡ ಇಟ್ಟುಕೊಂಡಿದ್ದರು. ಅನುಸೂಯಳನ್ನು ಜಗುಲಿಗೆ ಹೊಂದಿದ ಉದ್ದನೆಯ ಕೋಣೆಯಲ್ಲಿ ಕಿಟಕಿಯ ಪಕ್ಕ ಮಲಗಿಸಿದರು. ಕೊಯ್ಯುವುದು ಮರುದಿನ ಬೆಳಿಗ್ಗೆ.

ಮಧ್ಯಾಹ್ನ ಬಾವ ನನ್ನನ್ನು ಪಕ್ಕಕ್ಕೆ ಕರೆದರು. "ಗಂಟಿನ ವಿಷಯ ಇನ್ನೂ ಕೇಳಿಲ್ಲ. ನಾವು ಗಂಡಸ್ರು ಕೇಳಿದ್ರೆ ಬೈತಾರೆ. ನೀನು ಹೆತ್ತೋಳು. ಹೋಗಿ ಅತ್ಕೊಂಡು ಕೇಳು, ಕೊಡ್ತಾರೆ."

ಡಾಕ್ಟರ ಕೋಣೆಯ ಹಸಿರು ಬಾಗಿಲನ್ನು ಮೊದಲ ಸಲ ದಾಟಿದ್ದು ಹಾಗೆ, ಕೈಯಲ್ಲಿ ಮಡಕೆ ಹಿಡಿದು.

ಅವರು ಏನನ್ನೋ ಬರೆಯುತ್ತಿದ್ದರು. "ಏನಮ್ಮ? ಏನದು ಮಡಕೆ?"

"ಸ್ವಾಮಿ, ನಾಳೆ ಕಾಲು ತೆಗೆದ ಮೇಲೆ ಮಂಡಿಯ ಗಂಟನ್ನ ಇದರಲ್ಲಿ ಹಾಕ್ಕೊಡ್ಬೇಕು. ನಮ್ಮ ದೇವರಿಗೆ."

ಅವರು ಪೆನ್ನು ಕೆಳಗಿಟ್ಟರು. ಇನ್ನೊಮ್ಮೆ ಹೇಳಿಸಿದರು. ನಾನು ಇನ್ನೊಮ್ಮೆ ಹೇಳಿದೆ.

"ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ" ಎಂದರು. ಧ್ವನಿ ಏರಲಿಲ್ಲ, ಕೆನ್ನೆ ಮಾತ್ರ ಕೆಂಪಾಯಿತು. "ಕಾಲು ಉಳಿಸಿಕೊಡಿ ಅಂತ ಅತ್ತ ತಾಯಂದಿರನ್ನ ನೋಡಿದೀನಿ. ಕೊಯ್ದಿದ್ದನ್ನ ಕಟ್ಟಿಕೊಡಿ ಅಂತ ಪಾತ್ರೆ ತಂದವಳನ್ನ ಇವತ್ತೇ ನೋಡಿದ್ದು. ಇದಕ್ಕೇನಾ ನೀವು ಮೊದಲನೇ ದಾರಿ ಬೇಡ ಅಂದದ್ದು?"

"ಯಾವ ದಾರಿ ಸ್ವಾಮಿ?"

ಅವರು ನನ್ನ ಮುಖವನ್ನೇ ನೋಡಿದರು. ಅವರ ಸಿಟ್ಟು ನನ್ನ ಮೇಲಿಂದ ಎದ್ದು ಬಾಗಿಲ ಆಚೆಗೆ ಹೋದದ್ದು ನನಗೆ ಕಾಣಿಸಿತು.

"ಮಡಕೆ ಕೆಳಗಿಡಮ್ಮ. ಕೂತ್ಕೋ."

ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು ಒಂದೊಂದಾಗಿ ಹೇಳಿದರು. ಕೀಲಿನ ಒಳಗೆ ತೆಳುವಾದ ಒಂದು ಪೊರೆ ಇರುತ್ತದೆ, ಇವಳಲ್ಲಿ ಅದು ಕೆರೆಯ ಕಲ್ಲಿಗೆ ಪಾಚಿ ಹಿಡಿದ ಹಾಗೆ ಬೆಳೆದಿದೆ, ಅದರಿಂದ ರಕ್ತ ಜಿನುಗುತ್ತದೆ, ಅದೇ ತುಕ್ಕಿನ ನೀರು. ಬಹಳ ಅಪರೂಪ. ಅವರು ನೋಡಿದವರಲ್ಲಿ ಇವಳು ಎರಡನೆಯವಳು. ಮೈಗೆಲ್ಲ ಹರಡುವ ಜಾತಿಯದಲ್ಲ ಎಂದು ಅವರ ನಂಬಿಕೆ. ಪೊರೆಯನ್ನು ತೆಗೆದು ಪರೀಕ್ಷೆ ಮಾಡಿದ ಮೇಲೆ ಖಚಿತ. ಬಿಟ್ಟರೆ ಮಾತ್ರ ಅಲ್ಲೇ ಕೂತು ಮೂಳೆಯನ್ನು ತಿನ್ನುತ್ತದೆ. ಆಗಲೇ ಒಂದು ಮೂಲೆ ತಿಂದಿದೆ. ಹಾಳೆಯಲ್ಲಿ ಆ ಮೂಲೆ ಇಲಿ ಕಚ್ಚಿದ ರೊಟ್ಟಿಯಂತೆ ಕಾಣುತ್ತಿತ್ತು.

"ಮೊದಲನೇ ದಾರಿ, ಮಂಡಿ ಬಿಚ್ಚಿ ಆ ಪೊರೆಯನ್ನ ಪೂರ್ತಿ ಕೆರೆದು ತೆಗೆಯೋದು. ಉಳಿದ ಚೂರಿಗೆ ಎಕ್ಸ್‌ರೇ ಶಾಖ ಕೊಡೋದು, ವಾರಕ್ಕೆ ಇಷ್ಟು ಅಂತ. ಆಮೇಲೆ ದಿನಾ ಮಂಡಿ ಬಗ್ಗಿಸಿ ಬಗ್ಗಿಸಿ ಅಭ್ಯಾಸ ಮಾಡಿಸಬೇಕು, ಇಲ್ಲದಿದ್ರೆ ಕೋಲಾಗಿಬಿಡುತ್ತೆ. ನಾಲ್ಕು ತಿಂಗಳು ಇಲ್ಲೇ ಇರಬೇಕು. ಮತ್ತೆ ಬೆಳೆಯಲ್ಲ ಅಂತ ನಾನು ಮಾತು ಕೊಡಲಾರೆ. ಪೂರ್ತಿ ಬಗ್ಗುತ್ತೆ ಅಂತಲೂ ಕೊಡಲಾರೆ. ಆದ್ರೆ ಕಾಲು ಅವಳದೇ ಆಗಿರುತ್ತೆ. ಎರಡನೇದು, ತೊಡೆಯಲ್ಲಿ ತೆಗೆದುಬಿಡೋದು. ಮೂರು ವಾರ. ಮತ್ತೆ ಬರೋ ಭಯ ಇಲ್ಲ. ಮೂರನೇದು ಏನೂ ಮಾಡದೆ ಕಾಯೋದು. ಅದನ್ನ ನಾನು ಒಪ್ಪಲ್ಲ."

"ನೀವು ಯಾವುದು ಒಪ್ತೀರಿ ಸ್ವಾಮಿ?"

"ನನ್ನ ಮಗಳಾಗಿದ್ರೆ ಮೊದಲನೇದು. ಅದನ್ನೂ ಹೇಳಿದ್ದೆ. ಎರಡನೇದೇ ಸಾಕು ಅಂದರು. ಎರಡು ಸಲ ಕೇಳಿದೆ. ಯೋಚನೆ ಮಾಡಿ ಅಂತ ಹದಿನೈದು ದಿನ ಕೊಟ್ಟೆ. ಇವತ್ತು ಬೆಳಿಗ್ಗೆಯೂ ಅದೇ ಮಾತು, ತಾಯಿಯೂ ಒಪ್ಪಿದಾಳೆ ಅಂದರು."

ತಾಯಿಯೂ ಒಪ್ಪಿದ್ದಾಳೆ.

ಮಡಕೆ ಎತ್ತಿಕೊಂಡು ಹೊರಗೆ ಬಂದೆ. ಜಗುಲಿಯಲ್ಲಿ ಬಾವ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಗಂಡ ಗೋಡೆಗೆ ಒರಗಿದ್ದರು. ಅತ್ತೆ ಕಂಬದ ಬುಡದಲ್ಲಿ ಕೂತಿದ್ದರು. ಕಿಟಕಿಯ ಆಚೆ ಅನುಸೂಯ.

"ಕೊಡ್ತಾರಂತಾ?" ಎಂದರು ಬಾವ.

"ಮೂರು ದಾರಿ ಇದ್ವಂತಲ್ಲ ಬಾವ."

ಸುಣ್ಣ ಹಚ್ಚುವ ಬೆರಳು ನಿಂತಿತು. ಮತ್ತೆ ಹಚ್ಚಿತು. "ಇದ್ವು. ಇದ್ರೇನೀಗ? ಮೊದಲನೇದಕ್ಕೆ ಡಾಕ್ಟ್ರೇ ಭರವಸೆ ಕೊಡ್ಲಿಲ್ಲ. ನಾಲ್ಕು ತಿಂಗಳು ನೀನಿಲ್ಲಿ ಕುಂತ್ರೆ ಮನೇಲಿ ಬೇಯ್ಸಿ ಹಾಕೋರ್ಯಾರು? ಎಮ್ಮೆ ಕರೆಯೋರ್ಯಾರು? ಕಣ ಮಾಡೋ ಕಾಲ. ಮತ್ತೆ ಬೆಳೀತು ಅಂದ್ರೆ ಮತ್ತೆ ನಾಲ್ಕು ತಿಂಗಳು. ಒಂದೇ ಏಟಿಗೆ ಮುಗೀಲಿ ಅಂತ ಅಂದ್ಕೊಂಡ್ವಿ. ಅಮ್ಮನೂ ಅಂದ್ಲಲ್ಲ, ದೇವರು ಕೇಳ್ತಿರೋದು ಗಂಟೇ ಅಂತ. ಕೊಟ್ಬಿಟ್ರೆ ಮುಗೀತದೆ."

"ನನಗೆ ಹೇಳ್ಬೋದಾಗಿತ್ತಲ್ಲ?"

"ಹೇಳಿದ್ರೆ ನೀನು ಮೊದಲನೇದೇ ಅಂತಿದ್ದೆ."

ನನಗೆ ನಗು ಬಂತು. ಅಂಥ ನಗುವನ್ನು ನಾನು ಅದಕ್ಕೆ ಮುಂಚೆ ನಕ್ಕಿರಲಿಲ್ಲ. ಆಸ್ಪತ್ರೆಯವರೊಬ್ಬರು ತಿರುಗಿ ನೋಡಿದರು.

"ಹೌದು ಬಾವ, ಅದನ್ನೇ ಅಂತಿದ್ದೆ. ಅದಕ್ಕೇ ಅಲ್ವಾ ಬಾಗಿಲು ಹಾಕ್ಕೊಂಡಿದ್ದು? ಸರಿ. ದೇವರಿಗೆ ಗಂಟು ಬೇಕು ಅಂತೀರಿ. ಅವನು ಕೇಳ್ಬೇಕಾದ್ದು ತಾಯಿ ಗಂಟು, ಮಗಳದಲ್ಲ. ನನ್ನ ಬೆರಳು ಇಲ್ಲೇ ಅವಲ್ಲ, ಹತ್ತೂ." ಮಡಕೆಯನ್ನು ಕಂಕುಳಿಗೆ ಇಟ್ಟು ಒಂದು ಕೈ ಅವರ ಮುಖದ ಮುಂದೆ ಹಿಡಿದೆ. "ಈ ಎರಡು ವರ್ಷದಲ್ಲಿ ಉಳಿ ತಗೊಂಡು ಬನ್ನಿ, ಇವಳ ಬೆರಳು ತೆಗೆಯೋಣ ಅಂತ ಒಬ್ಬರಾದ್ರೂ ಅಂದ್ರಾ? ಅನ್ನಲ್ಲ. ಯಾಕಂದ್ರೆ ಈ ಬೆರಳು ರಾಗಿ ಬೀಸ್ತವೆ. ಎಮ್ಮೆ ಕರೀತವೆ. ನಿಮ್ಮ ಪಂಚೆ ಒಗೀತವೆ. ಇವು ಬೇಕು. ಹೆಣ್ಣುಮಗಳ ಕಾಲು ಯಾರಿಗೆ ಬೇಕು?"

"ಮಾತು ಜಾಸ್ತಿ ಆಯ್ತು, ನರಸಮ್ಮ."

"ಇನ್ನೂ ಶುರುವಾಗಿಲ್ಲ ಬಾವ."

ಗಂಡನ ಕಡೆ ತಿರುಗಿದೆ. ಅವರನ್ನು ಬಹುವಚನ ಬಿಟ್ಟು ಕರೆದವಳಲ್ಲ. ಆವತ್ತು ಅದು ತಾನಾಗಿ ಉದುರಿಹೋಯಿತು. "ನೀನೂ ಒಳಗಿದ್ದೆ. ಕಿವಿ ಇತ್ತು. ಹದಿನೈದು ದಿನ ನನ್ನ ಕೈಯಲ್ಲಿ ಮುದ್ದೆ ಇಕ್ಕಿಸ್ಕೊಂಡು ಉಂಡೆ. ಅವಳು ಊರುಗೋಲಿಟ್ಕೊಂಡು ನಡೆದು ತೋರಿಸಿದಾಗ ತಲೆ ಬಗ್ಗಿಸ್ಕೊಂಡು ಕೂತಿದ್ದೆ. ಒಂದು ಮಾತು. ಒಂದೇ ಒಂದು ಮಾತು ನಿನ್ನ ಬಾಯಿಂದ ಬರ್ಲಿಲ್ಲ."

"ಅಣ್ಣ ಹೇಳ್ತಾನೆ ಅಂತ..." ಎಂದರು ನೆಲ ನೋಡುತ್ತ.

"ಅಣ್ಣ ಹೆತ್ತಿದ್ನಾ?"

ಆಗ ಕಂಬದ ಬುಡದಿಂದ ಅತ್ತೆ ಎದ್ದರು. ಏಳಲು ಅವರಿಗೆ ಬಹಳ ಹೊತ್ತು ಹಿಡಿಯುತ್ತದೆ. ನನಗೇ ಬೀಳುತ್ತದೆ ಬೈಗುಳ ಎಂದು ಮೈ ಗಟ್ಟಿ ಮಾಡಿಕೊಂಡೆ. ಅವರು ನನ್ನನ್ನು ದಾಟಿ ಹಿರಿಮಗನ ಮುಂದೆ ನಿಂತರು.

"ಲೋ ಅಪ್ಪಯ್ಯ. ಆ ಕಾಲು ಉಳಿಯೋದಾ, ಹೋಗೋದಾ?"

"ಹೇಳಕ್ಕಾಗಲ್ಲಮ್ಮ, ಉಳಿದ್ರೂ ಉಳೀಬೋದು ಅಂದ್ರು..."

"ಉಳೀಬೋದು ಅಂದ್ರಾ?" ಮೊಂಡು ಬೆರಳಿನ ಕೈಯಿಂದ ಅವರ ಎದೆಗೆ ಕುಟ್ಟಿದರು. ಅರವತ್ತರ ಹತ್ತಿರದ ಗಂಡಸು ಒಂದು ಹೆಜ್ಜೆ ಹಿಂದೆ ಹೋದರು. "ಹೋಗೋದನ್ನ ದೇವರಿಗೆ ಕೊಡಾನ ಅಂದೆ ಕಣೋ. ಉಳಿಯೋದನ್ನ ಕಿತ್ತು ಕೊಡು ಅಂತ ಯಾವತ್ತಂದೆ ನಿಂಗೆ? ನನ್ನ ಬಾಯಲ್ಲಿ ನಿನ್ನ ಮಾತು ಇಟ್ಯಾ? ನನ್ನ ಕೈ ಹಿಡಿದು ಕೊರಡಿನ ಮೇಲೆ ಇಟ್ಟಾಗ ಇಂಥ ಇನ್ನೊಂದು ದಾರಿ ಐತೆ ಅಂತ ಯಾವ ನನ್ಮಗನೂ ಹೇಳ್ಲಿಲ್ಲ. ಹೇಳಿದ್ದಿದ್ರೆ ಎದ್ದು ಓಡ್ತಿದ್ದೆ. ನನಗೆ ಕಾಲು ಎರಡೂ ಇದ್ವು."

ಕಿಟಕಿಯ ಆಚೆಯಿಂದ ಅನುಸೂಯಳ ಧ್ವನಿ ಬಂತು.

"ಮೊದಲನೇದು ಅಂದ್ರೆ ಏನಮ್ಮ? ನಂಗೂ ಹೇಳು."

ಆಗ ನನಗೆ ಹೊಳೆಯಿತು. ಬಾಗಿಲು ಹಾಕಿಕೊಂಡವರನ್ನು ಬೈಯುತ್ತಿದ್ದ ನಾನು ಕೂಡ ಅವಳನ್ನು ಕೇಳಿರಲಿಲ್ಲ. ಮಡಕೆ ಕಟ್ಟಿದ ದಿನವೂ ಕೇಳಿರಲಿಲ್ಲ. ಕಿಟಕಿಯ ಕಂಬಿ ಹಿಡಿದು ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ. ಕೆರೆಯುವುದು, ಶಾಖ, ದಿನಾ ಬಗ್ಗಿಸುವುದು, ಮತ್ತೆ ಬರಬಹುದಾದದ್ದು. ಕಾಯುವ ದಾರಿಯನ್ನೂ ಹೇಳಿದೆ. ಒಂದನ್ನೂ ಬಿಡಲಿಲ್ಲ.

ಅವಳು ಮಂಡಿಯ ಮೇಲೆ ಕೈ ಇಟ್ಟುಕೊಂಡು ಯೋಚಿಸಿದಳು. "ಕೆರೀಲಿ" ಎಂದಳು. "ಮತ್ತೆ ಬಂದ್ರೆ ಆಗ ನೋಡಾನ. ಈಗ್ಲೇ ಯಾಕೆ ಕೊಡ್ಬೇಕು?"

ಡಾಕ್ಟರು ಹೊಸ ಕಾಗದ ತಂದರು. ತಂದೆಯ ಒಪ್ಪಿಗೆ ಬೇಕು ಎಂದರು. ನನ್ನ ಗಂಡ ಅಣ್ಣನ ಮುಖ ನೋಡಿದರು. ಅಣ್ಣ ಎಲೆ ಬಾಯಿಗೆ ಹಾಕಿಕೊಂಡು ಅಂಗಳದ ಕಡೆ ತಿರುಗಿದರು. ಅತ್ತೆ ನನ್ನ ಗಂಡನ ಕೈಯನ್ನು ಹಿಡಿದು, ಹೆಬ್ಬೆರಳನ್ನು ಮಸಿಗೆ ಒತ್ತಿಸಿ, ಕಾಗದದ ಮೇಲೆ ತಾವೇ ಇಟ್ಟರು. ಅದರ ಕೆಳಗೆ ನಾನು ನನ್ನ ಹೆಸರು ಬರೆದೆ. ಯಾರೂ ಬರೆಯಲು ಹೇಳಿರಲಿಲ್ಲ. ಓದು ಬರಹ ಕಲಿಸಲು ಊರಿಗೆ ಬಂದಿದ್ದ ಮೇಷ್ಟರ ಹತ್ತಿರ ಕಲಿತ ನಾಲ್ಕು ಅಕ್ಷರ, ಅಷ್ಟು ಒತ್ತಿ ಬರೆದದ್ದು ಅದೇ ಮೊದಲು.

ಮಂಡಿ ಬಿಚ್ಚಿದರು. ಒಳಗೆ ಸಿಕ್ಕಿದ್ದನ್ನು ಡಾಕ್ಟರು ಗಾಜಿನ ಸೀಸೆಯಲ್ಲಿ ತೋರಿಸಿದರು. ಕಂದು ಬಣ್ಣ, ಅಲ್ಲಲ್ಲಿ ಹಳದಿ, ನೀರಿನಲ್ಲಿ ಎಳೆ ಎಳೆಯಾಗಿ ಆಡುತ್ತಿತ್ತು. ಪರೀಕ್ಷೆಗೆ ಕಳಿಸಿದರು. ಹತ್ತು ದಿನಕ್ಕೆ ಅವರ ನಂಬಿಕೆಯೇ ನಿಜ ಎಂದು ಬರೆದು ಬಂತು, ಹರಡುವ ಜಾತಿಯದಲ್ಲ. "ಅದನ್ನಾದ್ರೂ ಕೊಡ್ತಾರಾ ಕೇಳು. ದೇವರಿಗೆ ನಾನೇನು ಹೇಳ್ಲಿ?" ಎಂದು ಅತ್ತೆ ನನ್ನ ಕಿವಿಯಲ್ಲಿ ಕೇಳಿದರು. "ಡಾಕ್ಟ್ರು ಇಟ್ಕೊಂಡ್ರು ಅಂತ ಹೇಳಿ. ಬೇಕಾದ್ರೆ ಅವನೇ ಬಂದು ಕೇಳ್ಕೊಳ್ಲಿ" ಎಂದೆ. ಅತ್ತೆ ಕೆನ್ನೆ ಬಡಿದುಕೊಂಡರು. ಆದರೆ ಊರಿಗೆ ಹೋಗಿ ನಾಲ್ಕು ತಿಂಗಳು ಎಮ್ಮೆ ಕರೆದವರು ಅವರೇ, ಆ ಕೈಯಲ್ಲಿ.

ಮಡಕೆಯನ್ನು ನಾನು ಇಟ್ಟುಕೊಂಡೆ. ಆಸ್ಪತ್ರೆಯ ಹಿಂದುಗಡೆ ರೋಗಿಗಳ ಕಡೆಯವರು ಬೇಯಿಸಿಕೊಳ್ಳುವ ಜಾಗವಿತ್ತು. ಮೂರು ಕಲ್ಲು ಹೂಡಿ ಅದರಲ್ಲೇ ರಾಗಿ ಗಂಜಿ ಕಾಯಿಸಿದೆ. ಅರಿಶಿನದ ಬಟ್ಟೆ ಪಾತ್ರೆ ಇಳಿಸುವ ಮಸಿಬಟ್ಟೆಯಾಯಿತು.

ಆ ನಾಲ್ಕು ತಿಂಗಳ ಬೆಳಗುಗಳು ನನಗೇ ಗೊತ್ತು. ಡಾಕ್ಟರು ತೋರಿಸಿಕೊಟ್ಟ ಹಾಗೆ ಒಂದು ಕೈ ತೊಡೆಗೆ, ಒಂದು ಕೈ ಹಿಮ್ಮಡಿಗೆ ಕೊಟ್ಟು ದಿನಾ ಐವತ್ತು ಸಲ ಬಗ್ಗಿಸಬೇಕು. ಅವಳು ಸೆರಗು ಕಚ್ಚಿಕೊಂಡು ಅಳುತ್ತಿದ್ದಳು. ನಾನು ನಿಲ್ಲಿಸುತ್ತಿರಲಿಲ್ಲ. "ಇನ್ನೊಂದು ಕಂದ, ಇನ್ನೊಂದೇ ಒಂದು." ಒಂದು ದಿನ ಮಧ್ಯದಲ್ಲಿ ಕಣ್ಣು ಬಿಟ್ಟು ಅಂದಳು: "ಆವತ್ತು ಮಡಕೆ ತಗೊಂಡು ಕೇಳಕ್ಕೆ ಹೋದ್ಯಲ್ಲಮ್ಮ. ನಂಗೆ ಕಿಟಕೀಲಿ ಕಾಣಿಸ್ತಿತ್ತು." ನನ್ನ ಕೈ ನಿಂತಿತು. "ನಿಲ್ಲಿಸ್ಬ್ಯಾಡ" ಎಂದಳು. "ಇನ್ನೂ ಹನ್ನೆರಡು ಬಾಕಿ ಐತೆ."

ಈಗ ಅವಳಿಗೆ ಹದಿನೈದು. ಮಣೆಯ ಮೇಲೆ ಕೂರುತ್ತಾಳೆ. ಕುಕ್ಕರುಗಾಲು ಆಗುವುದಿಲ್ಲ, ಹಾಗಾಗಿ ಕಳೆ ಕೀಳಲು ಬರುವುದಿಲ್ಲ. ನಡೆದರೆ ಸ್ವಲ್ಪ ಎಳೆಯುತ್ತದೆ. ಬೀಸುವ ಕಲ್ಲಿನ ಮುಂದೆ ಆ ಕಾಲನ್ನು ನೀಡಿಕೊಂಡು ಕೂತು ನನಗಿಂತ ಚೆನ್ನಾಗಿ ಬೀಸುತ್ತಾಳೆ. ಶುಕ್ರವಾರ ಎಣ್ಣೆ ಹಚ್ಚುವಾಗ ಮಂಡಿಯ ಸುತ್ತ ನೂಲು ಸುತ್ತಿ ಅಳೆಯುತ್ತೇನೆ. ಆಸ್ಪತ್ರೆ ಬಿಟ್ಟ ದಿನ ಹಾಕಿದ ಗಂಟು ಇಲ್ಲಿಯವರೆಗೆ ಅದೇ ಜಾಗದಲ್ಲಿ ಸೇರುತ್ತಿದೆ. ಪ್ರತಿ ಶುಕ್ರವಾರ ಸೇರುವವರೆಗೂ ನಾನು ಉಸಿರು ಬಿಡುವುದಿಲ್ಲ.

ಕಳೆದ ವಾರ ಬಾವ ದೇವನಹಳ್ಳಿ ಕಡೆಯಿಂದ ಒಂದು ಸಂಬಂಧ ತಂದರು. ಹುಡುಗನ ತಂದೆಗೆ ಜಗುಲಿಯಲ್ಲಿ ಕೂತು ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. "ಕಾಲೇ ತೆಗೀತೀನಿ ಅಂತ ಕುಂತಿದ್ರು ಡಾಕ್ಟ್ರು. ನಾವು ಬಿಡ್ಲಿಲ್ಲ. ಹಟ ಮಾಡಿ ಉಳಿಸ್ಕೊಂಡ್ವಿ." ನನ್ನ ಗಂಡ ಪಕ್ಕದಲ್ಲೇ ಕೂತಿದ್ದರು. ತಲೆ ಬಗ್ಗಿಸಿ ಮೆಟ್ಟಿನ ಬಾರು ನೋಡುತ್ತಿದ್ದರು.

ಅವರು ಹೋದ ಮೇಲೆ ಬಾವ ಅಡುಗೆಮನೆಯ ಬಾಗಿಲಿಗೆ ಬಂದರು. "ಹೆಣ್ಣು ನೋಡಕ್ಕೆ ಸೋಮವಾರ ಬರ್ತಾರೆ. ಮತ್ತೆ ಬೆಳೀಬೋದು ಗಿಳೀಬೋದು, ನೂಲು ಗೀಲು ಅಂತ ಅವರ ಮುಂದೆ ಬಾಯಿ ಬಿಡ್ಬ್ಯಾಡ. ಮೊದಲು ಮದುವೆ ಆಗ್ಲಿ."

ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಕೋಲು ಕೈಯಲ್ಲೇ ಇತ್ತು. "ಡಾಕ್ಟ್ರು ಹೇಳಿದ್ದನ್ನೆಲ್ಲ ಹೇಳ್ತೀನಿ ಬಾವ" ಎಂದೆ. "ನಿಮ್ಮ ಹಾಗೆ ಒಂದನ್ನ ಹೇಳಿ ಎರಡನ್ನ ನುಂಗಲ್ಲ. ಕೇಳಿ ಎದ್ದು ಹೋಗೋರಾದ್ರೆ ಇಲ್ಲಿಂದಲೇ ಎದ್ದು ಹೋಗ್ಲಿ."

ಬಾವ ಏನೋ ಅನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಹಿತ್ತಿಲಿನಿಂದ ಬಿಂದಿಗೆ ಹೊತ್ತು ಬಂದ ಅನುಸೂಯ, ಒಂದು ಕಾಲು ಎಳೆಯುತ್ತ ನಮ್ಮಿಬ್ಬರ ನಡುವೆ ದಾಟಿ, ನೀರನ್ನು ಹಂಡೆಗೆ ಸುರಿದಳು.

"ನೀನು ಹೇಳ್ಬ್ಯಾಡಮ್ಮ" ಎಂದಳು, ಬಿಂದಿಗೆ ಬೋರಲು ಹಾಕುತ್ತ. "ದೊಡ್ಡಪ್ಪನೂ ಬ್ಯಾಡ. ಕಾಲು ನಂದು. ನಾನೇ ಹೇಳ್ತೀನಿ."